ಹಗುರ ಹೊತ್ತಿನ ಸವಾರಿ

ಮೋಟಾರ್‌ಸೈಕಲ್ ಕಲಿಯಲು ಹೋಗುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಮನೆಯವರು ರೊಟ್ಟಿ ಮುರಿಯುತ್ತಿದ್ದರು. ಮುರಿದ ತುಂಡನ್ನು ಝುಣಕದಲ್ಲಿ ಅದ್ದಿ ಬಾಯಿಗಿಟ್ಟು, ಪೂರ್ತಿ ಅಗಿದು ನುಂಗಿ, ಒಂದು ಗುಟುಕು ನೀರು ಕುಡಿದು, ಆಮೇಲೆ ಕೇಳಿದರು.

“ಯಾವ ಹೊತ್ತಿನ ಸವಾರಿ?”

“ಹಗುರ ಹೊತ್ತಿಂದು.”

“ಹುಸೇನಸಾಬನ ಎಮ್ಮಿ ಮ್ಯಾಲೆ?”

“ಮತ್ತ ಆ ಹೊತ್ತಿನ್ಯಾಗ ಬ್ಯಾರೆ ಯಾವ ಗಾಡಿ ನಡಿತಾವ್ರಿ?”

ಅವರು ಇನ್ನೊಂದು ತುಂಡು ಮುರಿದರು. “ನಿನ್ನ ವಯಸ್ಸಿನ ಹೆಣ್ಮಕ್ಕಳು ಮಮ್ಮಕ್ಕಳನ್ನ ಆಡಸ್ತಾರ,” ಅಂದರು. ಒಳಗಿನ ಹಾಸಿಗೆಯಿಂದ ನಮ್ಮತ್ತೆ ತಿರಕವ್ವನ ದನಿ ಬಂತು. “ಮಮ್ಮಕ್ಕಳು ಊರಾಗ ಇಲ್ಲಲ್ಲೋ ಅಡಿವೆಪ್ಪಾ. ಗಾಡೀನರ ಆಡಸ್ಲಿ ಬಿಡು.”

ನಮ್ಮೂರಲ್ಲಿ ಮಧ್ಯಾಹ್ನದ ಊಟ ಮುಗಿದು, ತಾಟು ತೊಳೆದು ಬೋರಲು ಹಾಕುವಷ್ಟರಲ್ಲಿ ಭಾರ ಇಳಿಯುತ್ತದೆ. ತುಂಬಿದ ಕೊಡ ಹತ್ತಿಯ ಉಂಡೆಯಷ್ಟಾಗುತ್ತದೆ. ಕೋಳಿಗಳನ್ನು ಅದಕ್ಕೆ ಮೊದಲೇ ಬುಟ್ಟಿಯಡಿ ಹಾಕಿ ಮೇಲೊಂದು ಗುಂಡು ಹೇರುತ್ತೇವೆ. ಮರೆತರೆ ಅವು ಪಕ್ಕದವರ ಮಾಳಿಗೆಯ ಮೇಲಿರುತ್ತವೆ. ಎತ್ತುಗಳ ಕೊಳ್ಳ ಹರಿದು ಬಂಡಿಯಿಂದ ಬಿಡುತ್ತಾರೆ. ಬಸ್ಸು ಅಗಸಿಯ ಹೊರಗೇ ನಿಲ್ಲುತ್ತದೆ, ಡ್ರೈವರ್ ಬೇವಿನ ಗಿಡದ ಕೆಳಗೆ ಮಲಗುತ್ತಾನೆ. ಅಂಗಡಿಯವರು ತಕ್ಕಡಿಯನ್ನು ಒಳಗಿಡುತ್ತಾರೆ. ತಕ್ಕಡಿ ಸರಿಯಾಗಿಯೇ ತೂಗುತ್ತದೆ, ಆದರೆ ಆ ಹೊತ್ತಿನಲ್ಲಿ ಅದನ್ನು ಯಾರೂ ನಂಬುವುದಿಲ್ಲ. ದನಗಳು ಹಳ್ಳದಿಂದ ತಿರುಗುವ ಮುಂಚೆ ಭಾರ ಮತ್ತೆ ಬರುತ್ತದೆ.

ನಮ್ಮ ಮನೆಯವರು ಮಾರುಕಟ್ಟೆಯಲ್ಲಿ ಹಮಾಲಿ. ಹಮಾಲರ ದುಡಿಮೆಯೆಲ್ಲ ಆ ಹೊತ್ತಿನದೇ. ಎರಡೆರಡು ಜೋಳದ ಚೀಲಗಳನ್ನು ತಲೆದಿಂಬಿನ ಹಾಗೆ ಬಗಲಲ್ಲಿ ಇರುಕಿಕೊಂಡು ಲಾರಿಗೆ ಹೇರುತ್ತಾರೆ. ಉಳಿದ ಹೊತ್ತೆಲ್ಲ ಮನೆಯಲ್ಲಿ ಮಲಗಿರುತ್ತಾರೆ. ಹಾಗಾಗಿ ಊರಿನ ಗಟ್ಟಿ ಗಂಡಸರೆಲ್ಲ ಹಗುರ ಹೊತ್ತಿನಲ್ಲಿ ಯಾರ ಕೈಗೂ ಸಿಗುವುದಿಲ್ಲ.

ನಮ್ಮತ್ತೆಗೆ ಮಾತ್ರ ಹಗುರ ಹೊತ್ತೇ ಹಗಲು. ಎರಡು ವರ್ಷದ ಹಿಂದೆ ಬಾವಿಯ ಪಾವಟಿಗೆಯ ಮೇಲೆ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದಳು. ಅದು ಸರಿಯಾಗಿ ಕೂಡಲಿಲ್ಲ. ಬೇರೆ ಹೊತ್ತಿನಲ್ಲಿ ಮಗ್ಗುಲು ಬದಲಿಸಿದರೂ ಹಲ್ಲು ಕಚ್ಚುತ್ತಾಳೆ. ಭಾರ ಇಳಿದ ಕೂಡಲೇ ತಾನೇ ಎದ್ದು, ಗೋಡೆ ಹಿಡಿದು ಅಂಗಳಕ್ಕೆ ಬಂದು, ತಲೆ ಬಾಚಿಕೊಂಡು, ಬುಟ್ಟಿಯಡಿಯ ಕೋಳಿಗಳನ್ನು ಬೈದು, ಭಾರ ಬರುವ ಮೊದಲು ಹಾಸಿಗೆ ಸೇರುತ್ತಾಳೆ.

ಅವಳಿಗೆ ಒಬ್ಬಳೇ ತಂಗಿ, ದೇಮವ್ವ. ಗುಡ್ಡದ ಮೇಲಿನ ಓಣಿಯಲ್ಲಿ ಮಗ-ಸೊಸೆಯ ಜೊತೆ ಇರುತ್ತಾಳೆ. ಮೊದಲೆಲ್ಲ ಅಮಾವಾಸ್ಯೆಗೊಮ್ಮೆ ಇಳಿದು ಬರುತ್ತಿದ್ದಳು. ಅವಳ ಕಣ್ಣು ಮಂಜಾಗುವುದೂ ಇವಳ ಸೊಂಟ ಮುರಿಯುವುದೂ ಒಂದೇ ಮಳೆಗಾಲದಲ್ಲಾಯಿತು. ಅಂದಿನಿಂದ ಅಕ್ಕ-ತಂಗಿ ಭೇಟಿಯಾಗಿರಲಿಲ್ಲ. ಅತ್ತೆಯನ್ನು ನಡೆಸಿಕೊಂಡು ಹೋಗೋಣವೆಂದರೆ ಗುಡ್ಡ ಹತ್ತುವುದರೊಳಗೆ ಹೊತ್ತು ಮುಗಿಯುತ್ತದೆ. ಹೊರಸಿನ ಮೇಲೆ ಮಲಗಿಸಿ ಹೊತ್ತು ಒಯ್ಯಲು ನಾಲ್ಕು ಜನ ಬೇಕು; ಏರಿನ ನಡುವೆ ಭಾರ ಬಂದರೆ ಹೊರಸಿನ ಅಲುಗಾಟಕ್ಕೇ ಮುದುಕಿಯ ಜೀವ ಹೋಗುತ್ತದೆ. ಒಂದು ದಿನ ಅಂಗಳದಲ್ಲಿ ಕೂತು ಅವಳು ಗುಡ್ಡದ ಕಡೆ ನೋಡುತ್ತ ಅಂದಳು, “ಒಂದ್ ಸಲ ದೇಮಿ ಕೂಡ ಕುಂತು ಮಾತಾಡಬೇಕಿತ್ತು ನೋಡ ಫಕೀರವ್ವಾ.” ಅಷ್ಟೇ. ಮರುದಿನ ನಾನು ಹುಸೇನಸಾಬರಲ್ಲಿಗೆ ಹೋಗಿ, ಅತ್ತೆಯನ್ನು ಗುಡ್ಡಕ್ಕೆ ಒಯ್ಯಬೇಕೆಂದು ಹೇಳಿದೆ.

ಹುಸೇನಸಾಬರ ಪಾಠ ಹಳೆಯ ಹತ್ತಿ ಜಿನ್ನಿನ ಬಯಲಿನಲ್ಲಿ ನಡೆಯುತ್ತದೆ. ಹೊಸ ಗಾಡಿಗಳು ಹಗುರ ಹೊತ್ತಿನಲ್ಲಿ ಸಾಬೂನಿನ ಹಾಗೆ ಜಾರುತ್ತವೆ. ನೆಲ ಕಚ್ಚಿ ನಡೆಯುವುದು ಅವರ ಹತ್ತಿರ ಇರುವ ಆ ಕಪ್ಪು ಮೋಟಾರ್‌ಸೈಕಲ್ ಒಂದೇ. ಅದನ್ನು ಎಲ್ಲರೂ ಎಮ್ಮೆ ಅನ್ನುತ್ತಾರೆ. ಯಾವ ಕಂಪನಿಯದೋ, ಯಾವ ಕಾಲದ್ದೋ. ಪೆಟ್ರೋಲ್ ಟಾಕಿಯ ಮೇಲಿನ ಹೆಸರು ಕಲಿಯಲು ಬಂದವರ ತೊಡೆ ತಿಕ್ಕಿ ತಿಕ್ಕಿ ಅಳಿಸಿಹೋಗಿದೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹಾರ್ನಿನ ಬದಲು ಒತ್ತಿದರೆ ಪೋಂ ಅನ್ನುವ ಒಂದು ರಬ್ಬರಿನ ಗುಬುಟು. ಮೈಯೆಲ್ಲ ಬೀಡು ಕಬ್ಬಿಣ. ನನ್ನ ಜೊತೆ ಕಲಿಯುತ್ತಿದ್ದವನು ಚುರಮರಿ ಮಾರುವ ರಾಚೋಟಿ. ಅವನ ಮಾಲು ಹಗುರ ಹೊತ್ತಿನಲ್ಲಿ ಗಾಳಿ ಬಂದರೆ ಓಣಿ ತುಂಬ ಹಾರುತ್ತದೆ. ಊಟದ ಹೊತ್ತಿಗೆ ಮೊದಲು ಮಾರಿ ಮುಗಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಮ್ಮೆಯ ಮೇಲೆ ಡಬ್ಬ ಬಿಗಿದು ಮಾರುಕಟ್ಟೆಯ ಹಮಾಲರಿಗೆ ಮಾರಬೇಕೆಂಬುದು ಅವನ ಆಸೆ.

ಮೊದಲು ಕೆಲವು ದಿನ ಸವಾರಿಯೇ ಇರಲಿಲ್ಲ. ಭಾರವಿರುವ ಹೊತ್ತಿನಲ್ಲಿ ಎಮ್ಮೆಯನ್ನು ದೂಡುವುದು, ಸ್ಟ್ಯಾಂಡಿಗೆ ಹಾಕುವುದು, ಇಳಿಸುವುದು. ಕಲ್ಲಿನ ಮೇಲೆ ಕೂತ ಹುಸೇನಸಾಬರು ಅಡಕೆ ಕತ್ತರಿಸುತ್ತ ನೋಡುತ್ತಿದ್ದರು. “ಎತ್ತಬ್ಯಾಡ ತಂಗೆವ್ವಾ. ಹಿಂದಕ್ಕ ವಾಲು, ಅದ ಏರತೈತಿ. ದನಾ ಕಟ್ಟಿಯಿಲ್ಲ ನೀನು?” ಆಮೇಲೆ ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಿಕ್ಕನ್ನು ಮೆಲ್ಲನೆ ಒತ್ತಿ, ಸಣ್ಣ ಹಿಡಿಕೆ ಎತ್ತಿ, ಮತ್ತೆ ಇಡೀ ಮೈಯನ್ನು ಕಿಕ್ಕಿನ ಮೇಲೆ ಹಾಕುವುದನ್ನು ಕಲಿಸಿದರು. ಎಂಜಿನ್ ನಡೆಯುವಾಗ ಅದೇ ಹಿಡಿಕೆ ಎತ್ತಿದರೆ ಬಂದ್ ಆಗುತ್ತದೆ. ಚಾಲೂ ಮಾಡುವುದೆಲ್ಲ ಊಟಕ್ಕೆ ಮೊದಲೇ ಆಗಬೇಕು. ಭಾರ ಇಳಿದ ಮೇಲೆ ಯಾರು ಜಿಗಿದು ತುಳಿದರೂ ಕಿಕ್ಕು ಅಲುಗುವುದಿಲ್ಲ. ಬಂದ್ ಬಿದ್ದರೆ ಅಲ್ಲೇ, ಭಾರ ಬರುವ ತನಕ.

ರಾಚೋಟಿ ಹಗುರ ಹೊತ್ತಿನ ಮೊದಲ ಪಾಠದಲ್ಲೇ ಬಯಲಿನ ನಡುವೆ ಬಂದ್ ಬೀಳಿಸಿದ. ಕಿಕ್ಕಿನ ಮೇಲೆ ಹತ್ತಿ ಕುಣಿದ. ಎರಡು ಸಲ ಮೇಲಕ್ಕೆ ಹಾರಿ ಮೆಲ್ಲಗೆ ಬಂದು ನಿಂತ.

“ಕುಣಿಯೂದು ಚೊಲೊ ಕುಣಿತೀಯೋ ಚುರಮರಿ,” ಅಂದರು ಹುಸೇನಸಾಬರು. “ಹಲಗಿ ತರಸ್ಲೇನು?”

“ದೂಡ್ರಿ ಮಾಸ್ತರ, ಒಂದೀಟು.”

“ದೂಡಿದ್ರ ಗಾಲಿ ಜಾರತೈತಿ. ಕುಂದ್ರು ಅಲ್ಲೇ. ಎಮ್ಮಿ ಮೈ ತೊಳಿ.”

ಅವನು ಅಂಗಿ ಬಿಚ್ಚಿ ಎಮ್ಮೆಯನ್ನು ಒರೆಸುತ್ತ ಕೂತ. ಮೂವರೂ ಹಾಗೆಯೇ ಕೂತು ಭಾರಕ್ಕಾಗಿ ಕಾದೆವು.

ನನ್ನ ಸರದಿ ಮಾರನೆಯ ದಿನ. ಎಮ್ಮೆ ಡಗಡಗ ಅನ್ನುತ್ತ ನಿಂತಿತ್ತು. ಹುಸೇನಸಾಬರು ಗೋಡೆಯ ಗೂಟ ತೋರಿಸಿ, “ಸೊಂಟಗಲ್ಲು ಬಿಚ್ಚಿ ಅಲ್ಲಿ ಹಾಕು ತಂಗೆವ್ವಾ,” ಅಂದರು.

ಸೊಂಟಗಲ್ಲು ಕಟ್ಟದೆ ನಮ್ಮೂರಲ್ಲಿ ಹಗುರ ಹೊತ್ತಿನಲ್ಲಿ ಯಾರೂ ಹೊಸಿಲು ದಾಟುವುದಿಲ್ಲ. ಕೂಸು ನಡೆಯಲು ಕಲಿತ ದಿನ ಅದಕ್ಕೊಂದು ಕಲ್ಲು ಹೊಲಿದ ಪಟ್ಟಿ ಕಟ್ಟುತ್ತಾರೆ. ಹೆಣ್ಣಿಗೆ ಮದುವೆಯ ದಿನ ತವರಿನ ಕಲ್ಲು ಬಿಚ್ಚಿ, ಗಂಡನ ಮನೆಯ ಬಾವಿಯ ಹತ್ತಿರದ ಕಲ್ಲನ್ನು ಅತ್ತೆ ಕಟ್ಟುತ್ತಾಳೆ. ಆಮೇಲೆ ಗಂಡ ಸತ್ತರೂ ಅದನ್ನು ಬಿಚ್ಚುವುದಿಲ್ಲ. ಮೈ ತೊಳೆದು ಮಣ್ಣಿಗೆ ಒಯ್ಯುವವರೇ ಬಿಚ್ಚಬೇಕು. ಗಂಡಸರಿಗೆ ಅಷ್ಟು ಕಟ್ಟುನಿಟ್ಟಿಲ್ಲ, ಆದರೂ ರಾಚೋಟಿ ತನ್ನದನ್ನು ಬಿಚ್ಚಿದಾಗ ಎರಡೂ ಕೈಯಿಂದ ಧೋತರ ಹಿಡಿದುಕೊಂಡು ನಿಂತಿದ್ದ, ಹಳ್ಳದಲ್ಲಿ ಬಟ್ಟೆ ತೇಲಿಹೋದವನ ಹಾಗೆ.

ನಾನು ಗೋಡೆಯ ಮರೆಗೆ ಹೋದೆ. ಸೆರಗನ್ನು ಎರಡು ಸುತ್ತು ಬಿಗಿದು ಕಲ್ಲನ್ನು ಮುಚ್ಚಿ, ಬಿಚ್ಚಿದವಳಂತೆ ಬಂದು ಎಮ್ಮೆ ಹತ್ತಿದೆ. ನೆಟ್ಟಗಿನ ದಾರಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಬಯಲಿನ ಮೂಲೆಯ ತಿರುವಿಗೆ ಬಂದೆ. ಬ್ರೇಕನ್ನು ತಿರುವಿಗೆ ಮೊದಲೇ ಒತ್ತಿದೆ, ಹೇಳಿದಂತೆ ಎಡಕ್ಕೆ ವಾಲಿದೆ. ಎಮ್ಮೆ ಎಡಕ್ಕೆ ಹೊರಟಿತು. ಸೊಂಟ ಮಾತ್ರ ನೆಟ್ಟಗೆ ಹೊರಟಿತು, ಯಾರೋ ಹಿಂದಿನಿಂದ ಸೀರೆ ಹಿಡಿದು ಎಳೆದ ಹಾಗೆ. ಎಮ್ಮೆ ಹುಲ್ಲಿನ ಮೇಲೆ ಮಲಗಿ ಜಾರಿತು. ನಾನು ನಿಧಾನವಾಗಿ, ಬಹಳ ನಿಧಾನವಾಗಿ ತೇಲಿ ಹೋಗಿ ಬಯಲಿನ ಜಾಲಿ ಬೇಲಿಯಲ್ಲಿ ಸಿಕ್ಕಿಕೊಂಡೆ. ಬೀಳುವಾಗ ಸೆರಗು ಬಿಚ್ಚಿ ಕಲ್ಲು ಹೊರಗೆ ಕಂಡಿತು.

ಹುಸೇನಸಾಬರು ಬಂದು ಮುಳ್ಳಿನಿಂದ ನನ್ನನ್ನು ಬಿಡಿಸಿದರು. ಕಲ್ಲನ್ನು ನೋಡಿದರು. ಬೈಯಲಿಲ್ಲ.

“ಕಲ್ಲಿನ ಭಾರ ಇಳಿತೈತಿ ತಂಗೆವ್ವಾ, ಅದರ ನೂಕು ಇಳಿಯಾಂಗಿಲ್ಲ. ಈ ತಿರುವಿನ್ಯಾಗ ಬೇಲಿ ಐತಿ. ಗುಡ್ಡದ ತಿರುವಿನ್ಯಾಗ ಬೇಲಿ ಇಲ್ಲ. ಹಿಂದ ಮುದುಕಿ ಕುಂತಿರತಾಳ. ನಾಳೆ ಬಿಚ್ಚಿ ಬಾ. ಬಿಚ್ಚಾಕ ಆಗಂಗಿಲ್ಲಂದ್ರ ಬರಬ್ಯಾಡ.”

ಸಂಜೆ ಅತ್ತೆಯ ಹಾಸಿಗೆಯ ಪಕ್ಕ ಕೂತು ಕೈಯ ಮುಳ್ಳು ತೆಗೆದುಕೊಳ್ಳುತ್ತಿದ್ದೆ. ನಮ್ಮ ಮನೆಯವರಿಗೆ ಸುದ್ದಿ ಆಗಲೇ ಮುಟ್ಟಿತ್ತು. “ಸಾಕ್ ಮಾಡು,” ಅಂದರು. “ನಾಳೆ ನಿನ್ನ ಕಲ್ಲಿಲ್ಲದ ನೋಡಿದ್ರ ಮಂದಿ ಏನಂತಾರ? ನಾನಿನ್ನ ಜೀವಂತ ಅದೀನಿ, ನೀನೂ ಅದಿ.” ಅವರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ನನಗೂ ಅದೇ ಅಂಜಿಕೆ ಇತ್ತು.

ಅತ್ತೆ ತೊಲೆ ನೋಡುತ್ತ ಮಲಗಿದ್ದಳು. ನನ್ನ ಕಡೆ ತಲೆ ಹೊರಳಿಸಿ, “ಇತ್ತ ಬಾ. ನಡಾ ತೋರಸು,” ಅಂದಳು.

ನಾನು ಹತ್ತಿರ ಸರಿದೆ. ಅವಳು ಮಲಗಿದಲ್ಲಿಂದಲೇ ಗಂಟಿಗೆ ಕೈ ಹಾಕಿದಳು. ಮೂವತ್ತು ವರ್ಷದ ಬೆವರು ಕುಡಿದು ಅದು ಕಟ್ಟಿಗೆಯಂತಾಗಿತ್ತು. ಉಗುರು ಸಾಲದೆ ಹಲ್ಲು ಹಚ್ಚಿದಳು.

“ಅವ್ವಾ, ಏನ್ ಮಾಡಾಕ್ಹತ್ತಿ?” ನಮ್ಮ ಮನೆಯವರು ಎದ್ದು ನಿಂತರು.

“ಕಟ್ಟಿದಾಕಿ ಯಾರೋ?”

“ನೀನು.”

“ಮತ್ತ ನಿನಗೇನು ಕೆಲಸ ಇದರಾಗ? ಹೋಗಿ ದನಕ್ಕ ನೀರ್ ತೋರಸು.”

ಅವರು ಹೊರಗೆ ಹೋದರು. ಗಂಟು ಬಿಚ್ಚಿತು. ಕಲ್ಲು ಕಟ್ಟಿದ ಜಾಗದಲ್ಲಿ ನನ್ನ ಮೈ ಎಳೆಗೂಸಿನ ಮೈಯಂತೆ ಬೆಳ್ಳಗಿತ್ತು. ಅತ್ತೆ ಅದನ್ನು ಬೆರಳಿನಿಂದ ಒಮ್ಮೆ ಸವರಿ, “ಭಾಳ ಬಿಗಿ ಕಟ್ಟಿದ್ದೆ ನೋಡು,” ಅಂದಳು. “ಬಿಟ್ಟು ಹೋಗ್ತಿ ಅಂತ ಅನಸ್ತಿತ್ತು ಆವಾಗ.”

ಮರುದಿನ ಜಿನ್ನಿನ ಬಯಲಿಗೆ ಹೋಗುವಾಗ ದಾರಿಯಲ್ಲೇ ಭಾರ ಇಳಿಯಿತು. ಕಾಲಿಟ್ಟರೆ ಹೆಜ್ಜೆ ಮುಗಿಯುತ್ತಲೇ ಇರಲಿಲ್ಲ. ಒಂದು ಕಂಬದಿಂದ ಇನ್ನೊಂದು ಕಟ್ಟೆಗೆ ಕೈ ಹಾಕುತ್ತ ನಡೆದೆ. ಬಾಗಿಲಲ್ಲಿ ಕೂತಿದ್ದ ಹೆಂಗಸರ ಮಾತು ನಾನು ಬಂದಂತೆ ನಿಲ್ಲುತ್ತಿತ್ತು. ಹೂಗಾರರ ಮನೆಯ ಮುದುಕಿ ಒಳಗೆ ಓಡಿಹೋಗಿ ತನ್ನ ಮಗಳ ಹಳೆಯ ಪಟ್ಟಿ ಹಿಡಿದು ಬಂದಳು. “ಹರಿತೇನ ಯವ್ವಾ? ಇದನ್ನ ಕಟಗೋ, ಯಾರೂ ನೋಡಿಲ್ಲ,” ಅಂದಳು. ಓಣಿಯೆಲ್ಲ ನೋಡುತ್ತಿತ್ತು. “ಹರಿದಿಲ್ಲ ಅಜ್ಜಿ, ಬಿಚ್ಚೀನಿ,” ಅಂದೆ. ಅವಳು ಪಟ್ಟಿಯನ್ನು ಎದೆಗವಚಿಕೊಂಡು ಅಲ್ಲೇ ನಿಂತಳು.

ಆ ದಿನ ತಿರುವಿನಲ್ಲಿ ಎಮ್ಮೆಯೂ ನಾನೂ ಒಂದೇ ಕಡೆ ಹೊರಟೆವು. ಹುಸೇನಸಾಬರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿದ್ದರು. ಆಮೇಲೆ ಮರಳಿನ ಚೀಲ ಹಿಂದೆ ಬಿಗಿದು ಸುತ್ತು ಹಾಕಿಸಿದರು, ರಾಚೋಟಿಯನ್ನು ಕೂರಿಸಿ ಸುತ್ತು ಹಾಕಿಸಿದರು. ಮರಳು ಸುಮ್ಮನೆ ಕೂರುತ್ತಿತ್ತು. ರಾಚೋಟಿ ತಿರುವು ಬಂದಾಗಲೆಲ್ಲ ಎದುರು ದಿಕ್ಕಿಗೆ ವಾಲಿ ಅವ್ವನನ್ನು ಕರೆಯುತ್ತಿದ್ದ. ಆ ತಿಂಗಳು ಮುಗಿಯುವಷ್ಟರಲ್ಲಿ ಸಾಬರು ನನ್ನ ತೋಳಿಗೆ ಕೆಂಪು ಪಟ್ಟಿ ಕಟ್ಟಿದರು. ಹಗುರ ಹೊತ್ತಿನಲ್ಲಿ ಎಮ್ಮೆ ಹತ್ತಿ ಊರಲ್ಲಿ ಓಡಾಡಲು ಅದಿದ್ದರೆ ಸಾಕು.

“ಒಂದ ಮಾತು,” ಅಂದರು. “ಭಾರ ಬರೂದ್ರಾಗ ಎಮ್ಮಿ ಈ ಬಯಲಿಗೆ ಬಂದಿರಬೇಕು. ಬರಲಿಲ್ಲಂದ್ರ ಪಟ್ಟಿ ಬಿಚ್ಚತೀನಿ, ಯಾರ ಇರಲಿ. ಮತ್ತ ಮೊದಲಿಂದ ಪಾಠ.”

“ಬರತೈತ್ರಿ,” ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ.

ಗುಡ್ಡಕ್ಕೆ ಹೊರಟ ದಿನ ಅತ್ತೆ ಇಳಕಲ್ ಸೀರೆ ಉಟ್ಟಳು. ಎಲುಬು ಮುರಿದ ದಿನವೇ ಕಟ್ಟು ಹಾಕಲು ಅವಳ ಸೊಂಟಗಲ್ಲನ್ನು ಹರಿದು ತೆಗೆದಿದ್ದರು; ಹಾಸಿಗೆ ಹಿಡಿದವಳೆಂದು ಊರು ಏನೂ ಅಂದಿರಲಿಲ್ಲ. ಊಟಕ್ಕೆ ಮೊದಲೇ ಎಮ್ಮೆಯನ್ನು ಚಾಲೂ ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದೆ. ಭಾರ ಇಳಿದ ಕೂಡಲೇ ಅವಳನ್ನು ಹಿಂದೆ ಕೂರಿಸಿ, ಹಳೆಯ ರುಮಾಲಿನಿಂದ ಇಬ್ಬರ ಸೊಂಟವನ್ನೂ ಸೇರಿಸಿ ಕಟ್ಟಿಕೊಂಡೆ.

“ನಾ ಯಾ ಕಡೆ ವಾಲತೀನಿ ನೀನೂ ಆ ಕಡೆ ವಾಲಬೇಕು ಅತ್ತಿ. ಅಂಜಿ ಎದರಿಗೆ ವಾಲಬ್ಯಾಡ.”

“ನಿನ್ನ ಗಂಡನ್ನ ಬಗಲಾಗ ಕಟಗೊಂಡು ಬಂಡಿ ಹೊಡದಾಕಿ ನಾನು. ನಡಿ.”

ಏರು ಹತ್ತಿದೆವು. ಗುಡ್ಡದ ತಿರುವಿನಲ್ಲಿ ಎಡಕ್ಕೆ ಕಲ್ಲಿನ ಗೋಡೆ, ಬಲಕ್ಕೆ ಏನೂ ಇಲ್ಲ, ಕೆಳಗೆ ಊರಿನ ಮಾಳಿಗೆಗಳು. ಬ್ರೇಕು ಒತ್ತಿದೆ, ಕಣ್ಣನ್ನು ತಿರುವಿನ ಆಚೆಯ ತುದಿಗಿಟ್ಟೆ, ವಾಲಿದೆ. ಬೆನ್ನಿಗೆ ಅಂಟಿದ್ದ ಮುದುಕಿ ನನ್ನ ಜೊತೆಗೇ ವಾಲಿದಳು. ನಾವಿಬ್ಬರೂ ಒಂದೇ ಮೈಯಾಗಿ ಆ ತಿರುವನ್ನು ದಾಟಿದೆವು. ಆಚೆ ಹೋದ ಮೇಲೆ ಅವಳ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗಿತು. “ಇನ್ನೊಂದ್ ತಿರುವು ಇಲ್ಲೇನ?” ಅಂದಳು.

ದೇಮವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣು ಮಂಜಾದವಳು, ಸದ್ದಿನ ಕಡೆ ಮುಖ ತಿರುಗಿಸಿ, “ಯಾರ್ ಬೇ ಅದು? ಮನಿ ಮುಂದ ಹಿಟ್ಟಿನ ಗಿರಣಿ ತಂದ್ ನಿಲ್ಲಿಸೀರಿ?” ಎಂದು ಕೂಗಿದಳು.

ರುಮಾಲು ಬಿಚ್ಚಿ ಅತ್ತೆಯನ್ನು ಇಳಿಸಿದೆ. ಅವಳು ಗೋಡೆ ಹಿಡಿದು ಹೋಗಿ ತಂಗಿಯ ಮುಂದೆ ನಿಂತಳು. ದೇಮವ್ವ ಅವಳ ಸೀರೆಯ ಸೆರಗು ಹಿಡಿದು, ಕೈ ಹಿಡಿದು, ಮುಖ ಮುಟ್ಟಿದಳು. ಹುಣಸೆಯ ಅಂಟು ಅತ್ತೆಯ ಕೆನ್ನೆಗೆ ಹತ್ತಿತು. ಇಬ್ಬರೂ ಒಟ್ಟಿಗೇ ಮಾತಾಡಲು ಶುರು ಮಾಡಿದರು.

ನಾನು ಎಮ್ಮೆಯ ಮೇಲೆಯೇ ಕೂತು, ಅದು ಬಂದ್ ಬೀಳದಂತೆ ಆಗಾಗ ಕಿವಿ ತಿರುವುತ್ತಿದ್ದೆ. ಅಂಗಳ ಸಣ್ಣದು, ಸುತ್ತ ಕಲ್ಲಿನ ಗೋಡೆ. ಡಗಡಗ ಎಂಬುದು ಆ ಗೋಡೆಗೆ ಬಡಿದು ಎರಡರಷ್ಟಾಗಿ ವಾಪಸು ಬರುತ್ತಿತ್ತು. ಅತ್ತೆಯ ಬಾಯಿ ಆಡುತ್ತಿತ್ತು. ದೇಮವ್ವ ಕಿವಿಗೆ ಕೈ ಹಚ್ಚಿ, “ಏನಂದಿ?” ಅನ್ನುತ್ತಿದ್ದಳು. ಅತ್ತೆ ಮತ್ತೆ ಹೇಳುತ್ತಿದ್ದಳು. “ಏನಂದಿ ಯಕ್ಕಾ?” ಕೊನೆಗೆ ಇಬ್ಬರೂ ಹೇಳುವುದನ್ನು ಬಿಟ್ಟರು. ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು ಕೂತು, ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದರು.

ಬೇವಿನ ನೆರಳು ಅಂಗಳದ ಅರ್ಧಕ್ಕೆ ಬಂತು. ಈಗ ಹೊರಟರೆ ಅತ್ತೆಯನ್ನು ಮನೆಗೆ ಮುಟ್ಟಿಸಿ, ಭಾರ ಬರುವ ಮೊದಲು ಬಯಲು ಸೇರಬಹುದಿತ್ತು. ಅತ್ತೆ ತಾನೇ ನನ್ನ ಕಡೆ ನೋಡಿದಳು, ತಾನೇ ಎದ್ದಳು. ದೇಮವ್ವ ಸೆರಗು ಬಿಡಲಿಲ್ಲ. ಅತ್ತೆ ಒಂದೊಂದೇ ಬೆರಳು ಬಿಡಿಸಿ ಗೋಡೆ ಹಿಡಿದು ನನ್ನ ಹತ್ತಿರ ಬಂದು, ಕಿವಿಯಲ್ಲಿ ಅಂದಳು, “ನಡಿ. ನೋಡಿದೆನಲ್ಲ, ಸಾಕು.”

ಬರುವ ವಾರ ಮತ್ತೆ ಕರೆತರಬಹುದು ಅಂದುಕೊಂಡೆ. ಅದರ ಮುಂದಿನ ವಾರವೂ. ಪ್ರತಿ ಸಲವೂ ಹೀಗೆಯೇ ಒಬ್ಬರ ಬಾಯಿ ಒಬ್ಬರು ನೋಡುತ್ತ ಕೂತು ಎದ್ದು ಬರಬೇಕು. ತೋಳಿನ ಕೆಂಪು ಪಟ್ಟಿಯನ್ನು ಒಮ್ಮೆ ನೋಡಿಕೊಂಡೆ. ಆಮೇಲೆ ಸಣ್ಣ ಹಿಡಿಕೆ ಎತ್ತಿದೆ. ಎಮ್ಮೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಅಷ್ಟೊಂದು ನಿಶ್ಶಬ್ದ ಇರುತ್ತದೆಂದು ಗೊತ್ತಿರಲಿಲ್ಲ. ಒಳಗೆ ದೇಮವ್ವನ ಸೊಸೆ ಕಾಳು ಹಸನು ಮಾಡುವ ಸದ್ದು ಕೇಳಿಸಿತು.

“ಬಂದ್ ಬಿತ್ತೇನ?” ಅತ್ತೆಯ ಮುಖ ಬಿಳುಚಿತು.

“ಬಿದ್ದಿಲ್ಲ ಅತ್ತಿ. ನಾನ ಬಂದ್ ಮಾಡೀನಿ.”

“ಸಾಬ ಪಟ್ಟಿ ಬಿಚ್ಚತಾನಲ್ಲ!”

“ಬಿಚ್ಚಲಿ. ಹೋಗಿ ಕುಂದ್ರು, ಭಾರ ಬರೂ ಹೊತ್ತಾತು.”

ದೇಮವ್ವನ ಸೊಸೆ ಕೌದಿ ತಂದು ಕಟ್ಟೆಯ ಮೇಲೆ ಮಡಚಿ ಹಾಸಿದಳು. ಅತ್ತೆ ಅದರ ಮೇಲೆ ಒರಗಿದಳು. ಸ್ವಲ್ಪ ಹೊತ್ತಿಗೆ ಭಾರ ಬಂತು. ಬೇವಿನ ಟೊಂಗೆಗಳು ಒಂದಿಷ್ಟು ಬಾಗಿದವು, ನನ್ನ ಕೈಗಳು ತೊಡೆಯ ಮೇಲೆ ಇಳಿದವು, ಅತ್ತೆ ಹಲ್ಲು ಕಚ್ಚಿ “ಯವ್ವಾ” ಅಂದು ಕೌದಿಯೊಳಗೆ ಹುಗಿದುಕೊಂಡಳು. ಇನ್ನು ನಾಳೆ ಊಟದ ಹೊತ್ತಿನ ತನಕ ಅವಳನ್ನು ಅಲ್ಲಿಂದ ಅಲುಗಿಸುವ ಹಾಗಿರಲಿಲ್ಲ.

“ಯಕ್ಕಾ,” ಅಂದಳು ದೇಮವ್ವ. “ನನ್ನ ಲಗ್ನದಾಗ ಎಲ್ಲಾರೂ ಅತ್ರು. ನೀ ಯಾಕ ಅಳಲಿಲ್ಲ?”

“ಇದನ್ನ ಕೇಳಾಕ ಇಷ್ಟ್ ವರ್ಷ ತಡದೀಯೇನ?”

“ಈಗ ಹೇಳು. ಎಲ್ಲಿಗೂ ಹೋಗಾಂಗಿಲ್ಲಲ್ಲ.”

ಅವಳು ಹೇಳಲು ಶುರು ಮಾಡಿದಳು. ನಾನು ಎಮ್ಮೆಯನ್ನು ಮೆಲ್ಲನೆ ದೂಡಿಕೊಂಡು ಅಂಗಳದಿಂದ ಆಚೆಗೆ ಒಯ್ದು, ಮೂಲೆ ತಿರುಗಿದ ಮೇಲೆ ಕಿಕ್ಕು ತುಳಿದೆ.

ಹುಸೇನಸಾಬರು ಬಯಲಿನ ಬಾಗಿಲಲ್ಲೇ ನಿಂತಿದ್ದರು. ದನಗಳೆಲ್ಲ ಆಗಲೇ ಮನೆ ಸೇರಿದ್ದವು. ಅವರು ಎಮ್ಮೆಯ ಸುತ್ತ ಒಂದು ಸುತ್ತು ಬಂದು, ಗಾಲಿ ನೋಡಿ, ಕೈ ಚಾಚಿದರು. ನಾನು ಪಟ್ಟಿ ಬಿಚ್ಚಿ ಕೊಟ್ಟೆ.

“ಬಂದ್ ಬಿತ್ತೋ, ಬಂದ್ ಮಾಡಿದ್ಯೋ?”

“ಮಾಡಿದೆ.”

“ಹೂಂ.” ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದರು. “ನಾಳಿಂದ ಮತ್ತ ಬಾ. ಸ್ಟ್ಯಾಂಡ್ ಹಾಕೂದರಿಂದ ಶುರು. ಚುರಮರಿ ಜೋಡಿ.” ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು. “ಮತ್ತ ಮುದುಕಿ?”

“ಅಲ್ಲೇ ಅದಾಳ್ರಿ. ನಾ ಕಲತು ಮುಗಿಸಿ ಕರಕೊಂಡ ಬರೂತನ ಅಲ್ಲೇ ಇರತಾಳ.”

ಮನೆಯಲ್ಲಿ ನಮ್ಮವರು ಎಲ್ಲವನ್ನೂ ಕೇಳಿ, ಖಾಲಿ ಹಾಸಿಗೆಯನ್ನೊಮ್ಮೆ ನೋಡಿ, “ಎಷ್ಟ ದಿನಾ ಹಿಡಿತೈತಿ?” ಅಂದರು. ದಿನವೂ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ಅತ್ತೆಯ ಮೈ ತೊಳೆದು ಬರಲು ನಾನು ಗುಡ್ಡ ಹತ್ತಬೇಕಾಗಿತ್ತು. ಮರುದಿನ ಬಯಲಿಗೆ ಹೋದಾಗ ರಾಚೋಟಿ ಎಮ್ಮೆಯನ್ನು ಸ್ಟ್ಯಾಂಡಿಗೆ ಹಾಕಲು ಹೆಣಗುತ್ತಿದ್ದ. ನಾನು ಕಲ್ಲಿನ ಮೇಲೆ ಕೂತು ನನ್ನ ಸರದಿಗಾಗಿ ಕಾದೆ. ಈ ಸಲ ನನಗೆ ಕಲಿಯುವ ಅವಸರವೇನೂ ಇರಲಿಲ್ಲ.